ಕೊಂಬೆ ನೆಡದ ಜಾಡು

ನನ್ನ ತಮ್ಮ ಕಸಿಯಾನ್ ಬಗ್ಗೆ ಬರೆಯಬೇಕೆಂದರೆ ಅವನ ಜಾಡಿನಿಂದಲೇ ಶುರು ಮಾಡಬೇಕು. ಮುಖದಲ್ಲಿ ಅಂಥದ್ದೇನೂ ಇಲ್ಲ. ಅಪ್ಪನ ಮೂಗು, ಅಮ್ಮನ ಮೊಂಡುತನ, ಎರಡೂ ನನಗೂ ಬಂದಿವೆ. ಆದರೆ ಹೊಸ ಹಿಮ ಬಿದ್ದ ಬೆಳಿಗ್ಗೆ ಅವನು ಸ್ಕೀ ಹಲಗೆಗಳ ತಳಕ್ಕೆ, ಹಿಂದಕ್ಕೆ ಜಾರದ ಹಾಗೆ, ರೋಮದ ಪಟ್ಟಿ ಅಂಟಿಸಿಕೊಂಡು ಬೆಟ್ಟ ಹತ್ತಿದರೆ ಹಿಂದೆ ಒಂದು ಜಾಡು ಉಳಿಯುತ್ತಿತ್ತಲ್ಲ, ಅದನ್ನು ಕಣಿವೆಯ ಜನ ದೂರದಿಂದಲೇ ಗುರುತು ಹಿಡಿಯುತ್ತಿದ್ದರು. ಅವಸರವಿಲ್ಲದ ಏರು. ತಿರುವು ಬಂದಲ್ಲೆಲ್ಲ ಹಿಮವನ್ನು ತುಳಿದು ತುಳಿದು ಪುಟ್ಟ ಜಗಲಿಯಷ್ಟು ಸಮತಟ್ಟು ಮಾಡಿರುತ್ತಿದ್ದ. ಮೊಣಕಾಲು ನೋವಿನವರು ಅಲ್ಲಿ ನಿಂತು ಉಸಿರು ತೆಗೆದುಕೊಂಡು ತಿರುಗಲಿ ಎಂದು. ಆ ತಾಳ್ಮೆ ಇನ್ಯಾರಿಗೂ ಇರಲಿಲ್ಲ. ಹೀಗಾಗಿ ಹೊಸ ಹಿಮದ ದಿನ ಊರಿನವರು ಕಿಟಕಿಯಿಂದ ಇಣುಕಿ, "ಕಸಿಯಾನ್ ಹೋಗಿದಾನಾ? ಹಂಗಾದ್ರೆ ನಡೀರಿ" ಎಂದು ಹೊರಡುತ್ತಿದ್ದರು.

ಆಸ್ಟ್ರಿಯಾದ ಟಿರೋಲ್‌ನ ನಮ್ಮ ಮೂಲೆಯಲ್ಲಿ ಮೊದಲ ಜಾಡು ಹಾಕಿದವನು ಹಿಂದೆ ಬರುವವರ ಪಾಲಿಗೆ ಮಾತು ಕೊಟ್ಟ ಹಾಗೆ. ತಾನೊಬ್ಬನೇ ಏನೋ ದುಸ್ಸಾಹಸಕ್ಕೆ ಹೋಗಿದ್ದರೆ, ಜಾಡಿನ ಬುಡದಲ್ಲಿ ಎರಡು ಸ್ಪ್ರೂಸ್ ಮರದ ಕೊಂಬೆಗಳನ್ನು ಅಡ್ಡಡ್ಡ ನೆಟ್ಟು ಹೋಗಬೇಕು. ನಾನು ಹೋದೆ, ನೀನು ಬರಬೇಡ ಎಂದರ್ಥ. ಮಾತು ಕಲಿಯುವ ಮುಂಚೆಯೇ ನಮ್ಮ ಮಕ್ಕಳು ಅದನ್ನು ಕಲಿತಿರುತ್ತಾರೆ.

ಕಸಿಯಾನ್ ಚಳಿಗಾಲದಲ್ಲಿ ರಸ್ತೆಯ ಹಿಮ ತಳ್ಳುವ ಗಾಡಿ ಓಡಿಸುತ್ತಾನೆ, ಬೇಸಿಗೆಯಲ್ಲಿ ಕಡಿದಾದ ಗುಡ್ಡಗಳಲ್ಲಿ ಹುಲ್ಲು ಕೊಯ್ಯುತ್ತಾನೆ. ಬೆಟ್ಟದಲ್ಲಿ ಸಿಕ್ಕಿಬಿದ್ದವರನ್ನು ಕರೆತರುವ ಊರಿನ ದಳದಲ್ಲೂ ಇದ್ದ. ಮದುವೆಯಾಗಲಿಲ್ಲ. ಕೇಳಿದರೆ, "ಕ್ಯಾಮೆರಾ ಇದೆಯಲ್ಲ ಅಕ್ಕ, ಅದೂ ಮಾತಾಡಲ್ಲ, ನಾನೂ ಮಾತಾಡಲ್ಲ, ಸಂಸಾರ ಚೆನ್ನಾಗಿದೆ" ಎನ್ನುತ್ತಾನೆ. ಊಟ ಮಾತ್ರ ಮೂರು ಹೊತ್ತೂ ನನ್ನ ಕೈಯದೇ. ಚರ್ಚಿನ ಎದುರಿನ ಹೋಟೆಲು ನನ್ನದು.

ಅಪ್ಪನ ಹಳೆಯ ಕ್ಯಾಮೆರಾ ಹಿಡಿದು ಶುರುವಾದ ಹುಚ್ಚು ಅದು. ಪ್ರತಿ ವರ್ಷ ಸಂತ ಯೋಸೇಫರ ಹಬ್ಬದ ಮಧ್ಯಾಹ್ನ, ಪೂಜೆ ಮುಗಿದ ಮೇಲೆ, ಅಗ್ನಿಶಾಮಕ ದಳದ ಸಭಾಂಗಣದ ಪರದೆಗಳನ್ನೆಳೆದು, ಆ ಚಳಿಗಾಲದ ಪಟಗಳನ್ನು ಗೋಡೆಯ ಮೇಲೆ ಊರಿಗೆ ತೋರಿಸುತ್ತಾನೆ. ನಾನು ಬುಟ್ಟಿ ಬುಟ್ಟಿ ಕ್ರಾಪ್ಫೆನ್ ಕಡುಬು ಕರಿದು ಒಯ್ಯುತ್ತೇನೆ. ಜನ ಪಟ ನೋಡುವುದಕ್ಕಿಂತ "ಅಗೋ ನಮ್ಮ ಕೊಟ್ಟಿಗೆ!" "ನಿನ್ನ ಚಿಮಣಿ ಓರೆಯಾಗಿದೆ ನೋಡೋ" ಎಂದು ಕೂಗಾಡುವುದೇ ಹೆಚ್ಚು. ಅವನಿಗೆ ಅಷ್ಟೇ ಸಾಕಾಗಿತ್ತು. ಸಾಕಾಗಿತ್ತು ಎಂದು ನಾನು ಅಂದುಕೊಂಡಿದ್ದೆ.

ಆ ವರ್ಷ ಹಿಮ ಬೀಳುವ ಮುಂಚೆ ಲೀನ್ಸ್ ಪಟ್ಟಣದ ಒಂದು ಪ್ರದರ್ಶನಕ್ಕೆ ಅವನ ಪಟಗಳು ಹೋದವು. ತೀರ್ಪುಗಾರನಾಗಿ ಬಂದಿದ್ದ ಯಾವನೋ ಒಬ್ಬ, ಕತ್ತಿಗೆ ಶಾಲು ಸುತ್ತಿಕೊಂಡವನು, ನಿಂತು ನೋಡಿ, "ದಾಖಲೆಯಾಗಿ ಚೆನ್ನಾಗಿವೆ" ಎಂದು ಹೇಳಿ ಮುಂದೆ ಹೋದನಂತೆ. ಕಸಿಯಾನ್ ಮನೆಗೆ ಬಂದು ಬಾರ್ಲಿ ಸಾರಿನ ಮುಂದೆ ಕೂತ, ಚಮಚ ಎತ್ತಲಿಲ್ಲ.

"ದಾಖಲೆ ಅಂದ್ರೆ ಏನಕ್ಕಾ? ಪಾಸ್‌ಪೋರ್ಟ್ ಫೋಟೋನಾ?"

"ಅವನ ಮುಖಕ್ಕಿಷ್ಟು! ಅವನಿಗೇನು ಗೊತ್ತು? ಸಾರು ಆರುತ್ತೆ, ತಿನ್ನು" ಎಂದೆ.

ತಿಂದ. ಆದರೆ ಆ ಮಾತು ಒಳಗೇ ಕೂತುಬಿಟ್ಟಿತು.

ಊರಿನ ಮೇಲಿನ ಕಾಡಿನ ದಿಬ್ಬದ ಹಿಂದೆ, ಊರಿಗೆ ಕಾಣದ ಹಾಗೆ, ರೋಸ್‌ಕಾರ್ ಎಂಬ ಕೊಳ್ಳವಿದೆ. ದೊಡ್ಡ ಬೋಗುಣಿಯ ಹಾಗೆ. ಗಾಳಿ ಬೀಸಿದರೆ ಬೆಟ್ಟದ ಹಿಮವೆಲ್ಲ ಅಲ್ಲಿಗೆ ಬಂದು ತುಂಬಿಕೊಳ್ಳುತ್ತದೆ. ಮೇಲೆ ಗಟ್ಟಿ ಪದರ, ಕೆಳಗೆ ಸಕ್ಕರೆಯಂತೆ ಸಡಿಲ. ಗಾಳಿಯಾದ ಮೇಲೆ ಅಲ್ಲಿ ಯಾರೂ ಕಾಲಿಡುವುದಿಲ್ಲ. ಚಳಿಗಾಲದ ನಡುವೆ ಕೆಲವೇ ದಿನ ಬೆಳಗಿನ ಸೂರ್ಯ ಓರೆಯಾಗಿ ಅದರೊಳಗೆ ಇಣುಕುತ್ತಾನೆ. ಆ ಬೆಳಕಿನಲ್ಲಿ, ಯಾರೂ ಮುಟ್ಟದ ಹಿಮದ ಮೇಲೆ, ಕೆಳಗಿನಿಂದ ತುದಿಯವರೆಗೆ ಒಂದೇ ಒಂದು ಜಾಡು. ಅದು ಅವನು ವರ್ಷಗಳಿಂದ ಕನಸಿನಲ್ಲಿ ಕಂಡ ಪಟ.

ಜನವರಿಯ ಕೊನೆಗೆ ಹಿಮ ಬಿತ್ತು, ಹಿಂದೆಯೇ ಗಾಳಿ ಬೀಸಿತು, ಆಮೇಲೆ ಆಕಾಶ ತೊಳೆದಿಟ್ಟಂತಾಯಿತು. ಕಸಿಯಾನ್ ಬೆಳಕು ಹರಿಯುವಾಗ ಹೊರಟ. ಕಡು ಚಳಿಯಲ್ಲಿ ಒಬ್ಬನೇ ಹಗುರವಾಗಿ ದಾಟಿದರೆ ಹಿಮ ತಡೆಯುತ್ತದೆ ಎಂದು ಲೆಕ್ಕ ಹಾಕಿದ್ದ. ತಡೆಯಿತು ಕೂಡ. ಅಭ್ಯಾಸಬಲದಿಂದ ತಿರುವುಗಳಲ್ಲಿ ಜಗಲಿಯನ್ನೂ ತುಳಿದ. ಆದರೆ ಬುಡದಲ್ಲಿ ಕೊಂಬೆ ನೆಡಲಿಲ್ಲ. ಮರೆತನೇ? ಇಲ್ಲ. ನೆಟ್ಟರೆ ಪಟದಲ್ಲಿ ಬರುತ್ತದೆ! ಅಷ್ಟು ಶುಭ್ರ ಹಿಮದ ಮೇಲೆ ಎರಡು ಕರಿ ಕಡ್ಡಿ ಯಾರಿಗೆ ಬೇಕು? ಪಟ ತೆಗೆದು, ಇಳಿಯುವಾಗ ನೆಟ್ಟರಾಯಿತು ಎಂದುಕೊಂಡ.

ತುದಿಯಿಂದ ಬೆಟ್ಟದ ಬೆನ್ನು ಹಿಡಿದು ಹೋಗಿ, ಎದುರಿನ ಏಣಿನ ಮೇಲೆ ನಿಂತು ಪಟ ತೆಗೆದ. ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಬಂತು. ಖುಷಿಗೆ ಕಾಲು ನೆಲದ ಮೇಲಿರಲಿಲ್ಲ. ಏಣಿನ ಆಚೆ ಕಡೆ ಹಿಟ್ಟಿನಂಥ ಹಿಮ, ಒಂದು ಗೀಟೂ ಇಲ್ಲ. ಆ ಕಡೆಯಿಂದಲೇ ಜಾರಿಕೊಂಡು ಚರ್ಚಿನ ಹಿಂದಿನ ಹುಲ್ಲುಗಾವಲಿಗೆ ಇಳಿದು ನೇರ ನನ್ನ ಅಡುಗೆಮನೆಗೆ ಬಂದ. ಕೊಂಬೆಯ ಕೆಲಸ ತಿಂಡಿಯಾದ ಮೇಲೆ.

ಈಗ ಮೇನಕ್ಕನ ವಿಷಯ. ಹೆಸರು ಫಿಲೊಮೆನಾ, ಊರಿಗೆಲ್ಲ ಮೇನಾ, ನಮ್ಮಂಥ ಚಿಕ್ಕವರಿಗೆ ಮೇನಕ್ಕ. ಕಾಡಿನ ಬುಡದ ಕೊನೆಯ ಮನೆ ಅವಳದು. ಮನೆಯ ಕೆಳಗಿನ ಹೊಲದಲ್ಲಿ ಹಿಮದ ಅಳತೆಯ ಕಂಬವಿದೆ. ಎಷ್ಟೋ ವರ್ಷಗಳಿಂದ ಪ್ರತಿ ಬೆಳಿಗ್ಗೆ ಕಂಬ ನೋಡಿ, ಹಿಮ ಹೇಗಿದೆ, ಗಾಳಿ ಎಲ್ಲಿಂದ ಬಂತು ಎಂದು ಹಿಮಕುಸಿತದ ಎಚ್ಚರಿಕೆ ಕೊಡುವ ಕಚೇರಿಗೆ ಫೋನು ಮಾಡುವವಳು ಅವಳೇ. ಆಮೇಲೆ ಸ್ಕೀ ಕಟ್ಟಿಕೊಂಡು ಸ್ವಲ್ಪ ಮೇಲೆ ಹೋಗಿ ಹಿಮವನ್ನು ಕೈಯಾರೆ ಮುಟ್ಟಿ ಬರುತ್ತಿದ್ದಳು. ಊರಲ್ಲಿ ಅತಿ ಎಚ್ಚರದ ಜೀವ ಯಾರೆಂದರೆ ಅವಳೇ. "ಮೇನಾ ಹೋದಲ್ಲಿ ಹಸುನೂ ಹೋಗಬಹುದು" ಎಂದು ರಕ್ಷಣಾ ದಳದ ಮುಖ್ಯಸ್ಥ ಆಲ್ಬನ್ ಹಾಸ್ಯ ಮಾಡುತ್ತಿದ್ದ.

ಆ ಬೆಳಿಗ್ಗೆ ಅವಳು ದಿಬ್ಬ ದಾಟಿದಾಗ ರೋಸ್‌ಕಾರ್ ಕಡೆಗೆ ಜಾಡು ಹೋಗಿತ್ತು. ಕೊಂಬೆ ಇರಲಿಲ್ಲ. ತಿರುವಿನಲ್ಲಿ ಜಗಲಿ ಇತ್ತು. ಕಸಿಯಾನ್ ನೋಡಿಯೇ ಹೋಗಿರುತ್ತಾನೆ, ಈ ಸಲ ಗಾಳಿ ಇಲ್ಲಿಗೆ ತುಂಬಿಲ್ಲವೇನೋ ಎಂದುಕೊಂಡು ಹಿಂದೆ ಹೋದಳು. ಅಷ್ಟು ಹೊತ್ತಿಗೆ ಬಿಸಿಲೇರಿ ಹಿಮ ಸಡಿಲವಾಗಿತ್ತು.

ಮರ ಕಡಿಯುತ್ತಿದ್ದವರಿಗೆ ಸದ್ದು ಕೇಳಿಸಿತು. ಸೈರನ್ ಕೂಗಿದಾಗ ನನ್ನ ತಮ್ಮ ಸ್ಪೆಕ್ ಮಾಂಸ ಮತ್ತು ಮೊಟ್ಟೆ ತಿನ್ನುತ್ತಾ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಏನನ್ನೋ ನೋಡಿ ತನ್ನಷ್ಟಕ್ಕೆ ನಗುತ್ತಿದ್ದ. "ರೋಸ್‌ಕಾರ್‌ನಲ್ಲಿ ಹಿಮ ಕುಸಿದಿದೆ" ಎಂದು ಹೊರಗಿನಿಂದ ಯಾರೋ ಕೂಗಿದರು. ತಟ್ಟೆ ನೆಲಕ್ಕೆ ಬಿತ್ತು. ಓಡಿದ.

ಅವನೇ ಎಲ್ಲರಿಗಿಂತ ಮೊದಲು ತಲುಪಿದ್ದು. ಹಿಮದ ಮೇಲೆ ಅವಳ ಒಂದು ಕೈಗವಸು ಕಾಣುತ್ತಿತ್ತಂತೆ. ಸಲಿಕೆ ತೆಗೆಯುವಷ್ಟೂ ವ್ಯವಧಾನವಿಲ್ಲದೆ ಉಗುರು ಕಿತ್ತುಹೋಗುವ ಹಾಗೆ ಬರಿಗೈಲಿ ತೋಡಿ ತೆಗೆದ. ಜೀವವಿತ್ತು. ತೊಡೆ ಮೂಳೆ ಎರಡು ತುಂಡಾಗಿತ್ತು. ಹೆಲಿಕಾಪ್ಟರ್ ಬಂದು ಲೀನ್ಸ್ ಆಸ್ಪತ್ರೆಗೆ ಒಯ್ಯಿತು. ಕುಸಿತ, ಹೆಲಿಕಾಪ್ಟರಿನ ಗಾಳಿ, ಇಪ್ಪತ್ತು ಜನರ ತುಳಿದಾಟ ಎಲ್ಲ ಸೇರಿ ಜಾಡಿನ ಗುರುತೂ ಉಳಿಯಲಿಲ್ಲ.

ಮೇನಕ್ಕ ಎಚ್ಚರವಾದಾಗ ಆಡಿದ ಮೊದಲ ಮಾತೇ, "ಜಾಡಿತ್ತು. ಕಸಿಯಾನ್ ಜಾಡು." ಆಲ್ಬನ್ ಅದನ್ನು ನನ್ನ ಹೋಟೆಲಿಗೆ ತಂದ. ಮೇಜುಗಳೆಲ್ಲ ತುಂಬಿದ್ದವು.

"ಏನೋ ಕಸಿಯಾನ್, ಅವತ್ತು ರೋಸ್‌ಕಾರ್‌ಗೆ ಹೋಗಿದ್ದೆಯಂತೆ?" ಎಂದು ನಗುತ್ತಲೇ ಕೇಳಿದ.

ಕಸಿಯಾನ್ ಬ್ಯಾಂಡೇಜು ಸುತ್ತಿದ ಬೆರಳುಗಳನ್ನು ನೋಡಿಕೊಂಡ. "ನಾನಾ? ಇಲ್ಲ. ನಾನು ಕಾಡಿನ ಕಡೆ ಹೋಗಿದ್ದೆ" ಎಂದ.

"ನಾನೂ ಅದೇ ಹೇಳ್ದೆ. ಪಾಪ, ಉಸಿರಿಲ್ದೆ ಬಿದ್ದಿದ್ದಳಲ್ಲ, ತಲೆ ಒಳಗೆ ಏನೋ ಆಗಿದೆ. ಇನ್ನು ನಾಳೆ ಬೆಟ್ಟದ ಮೇಲೆ ಆನೆ ನೋಡ್ದೆ ಅಂತಾಳೆ ನೋಡು!"

ಎಲ್ಲರೂ ನಕ್ಕರು. ನಾನೂ ತುಟಿ ಅರಳಿಸಿದೆ, ಸುಳ್ಳೇಕೆ ಹೇಳಲಿ. ಕಸಿಯಾನ್ ಮಾತ್ರ ನಗಲಿಲ್ಲ. ಉಗುರಿನ ನೋವು ಎಂದುಕೊಂಡೆ.

ಮುಂದಿನ ವಾರಗಳಲ್ಲಿ ಊರು ಅವನನ್ನು ಹೊತ್ತು ಮೆರೆಸದೇ ಇದ್ದದ್ದೊಂದು ಬಾಕಿ. ಪಾದ್ರಿ ಪೂಜೆಯಲ್ಲಿ ಹೆಸರು ಹೇಳಿದರು. ಆಲ್ಬನ್ ಬೆನ್ನು ತಟ್ಟಿದ. ಕಸಿಯಾನ್ ಒಬ್ಬೊಬ್ಬರು ಹೊಗಳಿದಾಗಲೂ ಕೋಟಿನೊಳಕ್ಕೆ ಇನ್ನಷ್ಟು ಕುಗ್ಗುತ್ತಿದ್ದ. "ಎಂಥಾ ವಿನಯ ನಿನ್ನ ತಮ್ಮಂಗೆ" ಎಂದು ನನಗೆ ಹೇಳಿದರು. ವಿನಯವಂತೆ!

ಮಾರ್ಚ್ ಶುರುವಿಗೆ ಮೇನಕ್ಕ ಊರುಗೋಲು ಹಿಡಿದು ಮನೆಗೆ ಬಂದಳು. ಮರುದಿನವೇ ಕುಂಟುತ್ತಾ ನನ್ನ ಅಡುಗೆಮನೆಗೆ ಬಂದಳು. ಕೈಯಲ್ಲಿ ಬಟ್ಟೆ ಮುಚ್ಚಿದ ಕೇಕು. ಕಸಿಯಾನ್ ಕಾಫಿ ಕುಡಿಯುತ್ತಿದ್ದವನು ಎದ್ದು ನಿಂತ.

"ಕೂತ್ಕೊ ಕಣಪ್ಪ" ಎಂದಳು. "ನಾನು ಕ್ಷಮೆ ಕೇಳೋಕೆ ಬಂದೆ. ಆಸ್ಪತ್ರೇಲಿ ಬಂದೋರ ಹತ್ರ, ಹೋದೋರ ಹತ್ರ ನಿನ್ನ ಜಾಡು ನಿನ್ನ ಜಾಡು ಅಂತ ಬಡಕೊಂಡ್ನಂತೆ. ಜೀವ ಉಳಿಸಿದವನ ಹೆಸರೇ ಕೆಡಿಸಿದೆ. ನನಗಂತೂ ಕಣ್ಣಿಗೆ ಕಟ್ಟಿದ ಹಾಗೆ ಕಾಣ್ತಿತ್ತು. ಆದ್ರೆ ಎಲ್ಲರೂ ಇರಲಿಲ್ಲ ಅಂತಾರೆ. ನೀನೇ ಹೋಗಿಲ್ಲ ಅಂದಮೇಲೆ ಇನ್ನೇನು? ನನ್ನ ತಲೇನೇ ಕೆಟ್ಟಿರೋದು."

"ಬಿಡು ಮೇನಕ್ಕ" ಎಂದ ಕಸಿಯಾನ್. "ಪರವಾಗಿಲ್ಲ."

"ಇನ್ನೊಂದು ಮಾತು. ಇಲ್ಲದ ಜಾಡು ಕಾಣೋ ಕಣ್ಣಿಗೆ ಇಲ್ಲದ ಹಿಮಾನೂ ಕಾಣುತ್ತೆ. ನನ್ನ ಮಾತು ನಂಬಿ ಜನ ಬೆಟ್ಟ ಹತ್ತುತಾರೆ, ಆಟ ಅಲ್ಲ. ಇವತ್ತು ಕಚೇರಿಗೆ ಫೋನ್ ಮಾಡಿ ಹೇಳ್ಬಿಟ್ಟೆ, ಇನ್ಮೇಲೆ ನಾನು ಬೇಡ, ಕಸಿಯಾನ್ ನೋಡ್ತಾನೆ ಅಂತ. ಇಲ್ಲ ಅನ್ನಬೇಡ. ನಿನ್ನಷ್ಟು ನಂಬಿಕಸ್ತ ಈ ಊರಲ್ಲಿ ಬೇರೆ ಯಾರಿದಾರೆ?"

ಕೇಕು ಕೊಯ್ದು ಅವನ ಮುಂದೆ ತಾನೇ ಇಟ್ಟಳು. ಅವನು ತಿಂದ. ಅವಳು ನೋಡುತ್ತಾ ಕೂತಿದ್ದಳಲ್ಲ, ಒಂದೊಂದೇ ತುತ್ತು ಪೂರ್ತಿ ತಿಂದ. ಅವಳು ಎದ್ದು ಹೊರಗೆ ಹೋದ ಮೇಲೆ ಹಿತ್ತಲಿಗೆ ಓಡಿ ಅದನ್ನೆಲ್ಲ ವಾಂತಿ ಮಾಡಿಕೊಂಡ. ಬಂದು ಒಲೆಯ ಹತ್ತಿರ ಕುಕ್ಕರಿಸಿ ಕ್ಯಾಮೆರಾ ನನ್ನ ಕೈಗೆ ಕೊಟ್ಟ.

ನಾನು ನೋಡಿದೆ. ಹುಟ್ಟಿದ ಊರು, ರೋಸ್‌ಕಾರ್ ಗೊತ್ತಾಗದೆ ಇರುತ್ತದೆಯೇ? ನಡುವೆ ಅವನ ಜಾಡು.

"ಥೂ ನಿನ್ನ ಜನ್ಮಕ್ಕೆ!" ಕೈಗೆ ಸಿಕ್ಕಿದ ಒದ್ದೆ ಬಟ್ಟೆಯಲ್ಲೇ ಬಾರಿಸಿದೆ, ಐವತ್ತು ದಾಟಿದ ಗಂಡಸಿಗೆ. "ಅವಳು ನಿನ್ನ ಹತ್ರ ಕ್ಷಮೆ ಕೇಳ್ತಾಳೆ, ನೀನು ಪರವಾಗಿಲ್ಲ ಅಂತೀಯಾ? ಪರವಾಗಿಲ್ವಾ ನಿಂಗೆ? ನಾಲಿಗೆ ಹೆಂಗೆ ಬಂತೋ?"

"ಹೇಳೋಣ ಅಂತಲೇ ಇದ್ದೆ ಅಕ್ಕ. ಆಲ್ಬನ್ ಎಲ್ಲರ ಮುಂದೆ ಕೇಳಿದ. ಬಾಯಿಗೆ ಇಲ್ಲ ಅಂತ ಬಂದುಬಿಡ್ತು. ಒಂದು ಸಲ ಇಲ್ಲ ಅಂದಮೇಲೆ..."

"ಒಂದು ಸಲ ಇಲ್ಲ ಅಂದಮೇಲೆ ಏನು? ಅವಳಿಗೆ ಹುಚ್ಚು ಅಂತ ಊರೆಲ್ಲ ನಗೋದು ನೋಡ್ತಾ ಕೂತೆಯಾ? ಹೇಳ್ತೀಯೋ, ನಾನು ಹೇಳಲೋ?"

"ನಾನೇ ಹೇಳ್ತೀನಿ. ಹಬ್ಬದ ದಿನ. ಎಲ್ಲರ ಮುಂದೆ ಸುಳ್ಳು ಹೇಳಿದ್ದೀನಿ, ಎಲ್ಲರ ಮುಂದೇನೇ ಹೇಳ್ತೀನಿ."

ಅಲ್ಲಿಯವರೆಗಿನ ದಿನಗಳು ನನಗೆ ನರಕ. ಪ್ರತಿ ಬೆಳಿಗ್ಗೆ ಕಸಿಯಾನ್ ಮೇನಕ್ಕನ ಕಿಟಕಿಯ ಕೆಳಗೆ ಕಂಬ ನೋಡಿ ಫೋನು ಮಾಡುತ್ತಿದ್ದ. ಅವಳು ಆ ಹೊತ್ತಿಗೆ ಕಿಟಕಿಯ ಪರದೆ ಎಳೆದುಬಿಡುತ್ತಿದ್ದಳು. ನನ್ನ ಹೋಟೆಲಿಗೆ ಬಂದರೆ ಎದ್ದು ಹೋಗುವಾಗ, "ನಾನು ಬರುವಾಗ ಟೋಪಿ ಹಾಕ್ಕೊಂಡಿದ್ನೇನೆ?" ಎಂದು ಕೇಳುತ್ತಿದ್ದಳು. ಟೋಪಿ ತಲೆಯ ಮೇಲೇ ಇರುತ್ತಿತ್ತು. ಒಲೆ ಆರಿಸಿದೆನೋ ಇಲ್ಲವೋ ಎಂದು ದಾರಿಯ ಅರ್ಧಕ್ಕೆ ಬಂದು ಊರುಗೋಲು ತಿರುಗಿಸಿಕೊಂಡು ವಾಪಸ್ಸು ಹೋಗುತ್ತಿದ್ದಳು. ಕಾಲು ಮುರಿದದ್ದಕ್ಕೆ ಅವಳು ಅತ್ತದ್ದನ್ನು ನಾನು ನೋಡಲಿಲ್ಲ. ತಲೆ ಹೋಯಿತಲ್ಲ ಎಂದು ಅತ್ತದ್ದನ್ನು ನೋಡಿದೆ. ನನಗೆ ಅವಳ ಮುಖ ನೋಡಲು ನಾಚಿಕೆಯಾಗುತ್ತಿತ್ತು.

ಹಬ್ಬದ ಮಧ್ಯಾಹ್ನ ಬಂತು. ಸಭಾಂಗಣ ಕಿಕ್ಕಿರಿದಿತ್ತು. ಮೇನಕ್ಕನನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಕಾಲಿಗೆ ಇನ್ನೊಂದು ಕುರ್ಚಿ ಕೊಟ್ಟಿದ್ದರು. ಎಂದಿನಂತೆ ಕೊಟ್ಟಿಗೆ, ಚಿಮಣಿ, ಕೂಗಾಟ. ನಾನು ಬಾಗಿಲ ಹತ್ತಿರ ಬುಟ್ಟಿ ಹಿಡಿದು ನಿಂತಿದ್ದೆ. ಒಂದೊಂದು ಪಟ ಬದಲಾದಾಗಲೂ ಹೇಳದೆ ಮುಗಿಸಿಬಿಡುತ್ತಾನೇನೋ ಎಂಬ ಭಯ. ಹೇಳಿಬಿಡುತ್ತಾನಲ್ಲ ಎಂಬ ಭಯವೂ ಇತ್ತು.

ಕೊನೆಗೆ ಅದು ಬಂತು. ಗೋಡೆ ತುಂಬ ನೀಲಿ ನೆರಳು, ಓರೆ ಬೆಳಕು, ನಡುವೆ ಒಂದೇ ಒಂದು ಜಾಡು. ಯಾರೋ "ಆಹಾ!" ಎಂದರು. ಪಟ ಅಷ್ಟು ಚೆನ್ನಾಗಿತ್ತು, ಅದೇ ನನಗೆ ಸಹಿಸಲಾಗಲಿಲ್ಲ.

ಆಲ್ಬನ್ ಎದ್ದು ನಿಂತ. "ಇದು ರೋಸ್‌ಕಾರ್ ಅಲ್ವೇನೋ?"

"ಹೌದು" ಎಂದ ಕಸಿಯಾನ್. "ಅವತ್ತಿಂದೇ. ಜಾಡು ನನ್ನದು. ಕೊಂಬೆ ಪಟದಲ್ಲಿ ಬರುತ್ತೆ ಅಂತ ನೆಡಲಿಲ್ಲ. ಆಮೇಲೆ ನೆಡೋಣ ಅಂದ್ಕೊಂಡೆ. ಮೇನಕ್ಕ ಹೇಳಿದ್ದು ಒಂದೊಂದು ಮಾತೂ ನಿಜ. ಸುಳ್ಳು ಹೇಳಿದ್ದು ನಾನು."

ಮೇನಕ್ಕ ಕಾಲನ್ನು ಕುರ್ಚಿಯಿಂದ ಕೆಳಗಿಳಿಸಿದಳು. ಊರುಗೋಲು ಊರಿಕೊಂಡು ಗೋಡೆಯ ಹತ್ತಿರ ಹೋದಳು. ಅವಳ ನೆರಳು ಪಟದ ಮೇಲೆ ಬಿತ್ತು. ಬೆರಳಿಟ್ಟು ಜಾಡು ಹಿಡಿದು ತಿರುವು ತಿರುವಾಗಿ ಮೇಲೆ ಹೋದಳು.

"ಇಲ್ಲಿ ನಿಂತೆ" ಎಂದಳು. "ಇಲ್ಲಿ ಉಸಿರು ತಗೊಂಡೆ. ಈ ಜಗಲಿ ಮೇಲೆ." ಆಮೇಲೆ ನಮ್ಮ ಕಡೆ ತಿರುಗಿದಳು. ಬೆಳಕು ಅವಳ ಮುಖಕ್ಕೆ ಹೊಡೆಯುತ್ತಿತ್ತು. "ನಂಗೆ ತಲೆ ಕೆಟ್ಟಿಲ್ಲ. ಕೇಳಿಸ್ತೇನ್ರೋ? ನಂಗೆ ತಲೆ ಕೆಟ್ಟಿಲ್ಲ!"

ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳಲಾರೆ. ಆಲ್ಬನ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವತ್ತು ನನ್ನ ಹೋಟೆಲಿನಲ್ಲಿ ನಕ್ಕವರೆಲ್ಲ ನೆಲ ನೋಡುತ್ತಿದ್ದರು. ನಾನೂ ನೋಡಿದೆ.

"ಮೇನಕ್ಕ" ಎಂದು ಕಸಿಯಾನ್ ಒಂದು ಹೆಜ್ಜೆ ಮುಂದೆ ಬಂದ.

"ಬರಬೇಡ, ಅಲ್ಲೇ ಇರು" ಎಂದಳು. "ಕಾಲು ಹೋಯ್ತು, ಹೋಗ್ಲಿ. ಬೆಟ್ಟದಲ್ಲಿ ಯಾರು ತಪ್ಪು ಮಾಡಲ್ಲ? ನಾನೇ ನೋಡಿಕೊಂಡು ಹೋಗ್ಬೇಕಿತ್ತು. ಆದ್ರೆ ನನ್ನನ್ನೇ ನಾನು ನಂಬದ ಹಾಗೆ ಮಾಡಿದೆಯಲ್ಲೋ. ಬಾಯಿಬಿಟ್ಟು ಒಂದು ಮಾತು ಹೇಳಿದ್ರೆ ಸಾಕಿತ್ತು. ಒಂದೇ ಒಂದು ಮಾತು."

ನನ್ನ ಕಡೆ ನೋಡಿ, "ಮನೆಗೆ ಬಿಡೇ" ಎಂದಳು. ನಾನು ಬುಟ್ಟಿ ಕೆಳಗಿಟ್ಟು ಅವಳ ತೋಳು ಹಿಡಿದುಕೊಂಡೆ.

ಊರು ಅವನನ್ನು ಹೊಡೆಯಲಿಲ್ಲ, ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವನು ಹೋಟೆಲಿಗೆ ಬಂದರೆ ಮೇಜಿನ ಮಾತು ಹವಾಮಾನಕ್ಕೆ ತಿರುಗುತ್ತದೆ, ಅಷ್ಟೇ. ದಳದ ಬಿಲ್ಲೆಯನ್ನು ಅವನೇ ಆಲ್ಬನ್‌ಗೆ ವಾಪಸ್ಸು ಕೊಟ್ಟ. ಆಲ್ಬನ್ ಬೇಡ ಎನ್ನಲಿಲ್ಲ. ಹೊಸ ಹಿಮ ಬಿದ್ದರೆ ಈಗ ಅವನು ಮೊದಲು ಹೊರಡುವುದಿಲ್ಲ. ಬೇರೆ ಯಾರಾದರೂ ಜಾಡು ಹಾಕುವ ತನಕ ನನ್ನ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಾ ಕಾಯುತ್ತಾನೆ. ನೋಡಿದರೆ ಪಾಪ ಅನಿಸುತ್ತದೆ. ಸಿಟ್ಟೂ ಬರುತ್ತದೆ. ಒಡಹುಟ್ಟಿದವನು, ಎರಡೂ ಆಗುತ್ತದೆ.

ಮೇನಕ್ಕ ಮತ್ತೆ ಫೋನು ಕೈಗೆತ್ತಿಕೊಂಡಳು. ಆದರೆ ಆ ಕಾಲಿನಲ್ಲಿ ಹಿಮದ ಹೊಲಕ್ಕೆ ಇಳಿದು ಕಂಬದ ತನಕ ಹೋಗುವುದು ಆಗದು. ಯಾರನ್ನು ಕಳಿಸಲಿ ಎಂದು ಕೇಳಿದೆ. "ಅವನನ್ನೇ ಕಳಿಸು" ಎಂದಳು. ಕಸಿಯಾನ್‌ಗೆ ಹೇಳಿದಾಗ ಅವನು ಮಗುವಿನ ಹಾಗೆ ಅತ್ತ. ಎಲ್ಲ ಸರಿಹೋಯಿತು ಎಂದು ನಾನೂ ಅಂದುಕೊಂಡೆ.

ಅಂದಿನಿಂದ ದಿನವೂ ಹೀಗೆಯೇ. ಅವನು ಕಂಬದ ಹತ್ತಿರ ಬಗ್ಗಿ ನೋಡಿ ಕಿಟಕಿಗೆ ಕೂಗಿ ಅಳತೆ ಹೇಳುತ್ತಾನೆ. ಅವಳು ಫೋನಿನ ಮೇಲೆ ಕೈಯಿಟ್ಟುಕೊಂಡೇ, "ಸರಿಯಾಗಿ ನೋಡಿದ್ಯಾ?" ಎನ್ನುತ್ತಾಳೆ. ಅವನು ಮತ್ತೆ ಹೋಗಿ, ಕೈಗವಸಿನಲ್ಲಿ ಕಂಬ ಒರೆಸಿ, ಇನ್ನೊಮ್ಮೆ ನೋಡಿ, ಅದನ್ನೇ ಹೇಳುತ್ತಾನೆ. ಆಗ ಅವಳು ಕಚೇರಿಗೆ ಫೋನು ಮಾಡುತ್ತಾಳೆ. ಮುಂದಿನ ಚಳಿಗಾಲ ಬಂತು, ಅದೂ ಅರ್ಧ ಕಳೆಯಿತು, ಇದು ನಿಲ್ಲಲಿಲ್ಲ. ಒಂದು ದಿನ ಅವಳಿಗೆ ಸಾರು ಕೊಡಲು ಹೋದವಳು ನೋಡಿ ತಡೆಯಲಾರದೆ ಕೇಳಿಯೇಬಿಟ್ಟೆ.

"ಸಾಕು ಮಾಡು ಮೇನಕ್ಕ. ತಪ್ಪು ಮಾಡಿದ, ಒಪ್ಕೊಂಡ. ಇನ್ನೂ ಎಷ್ಟು ಕಾಲ ಹಿಂಗೆ ಕುಣಿಸ್ತೀಯ?"

ಅವಳು ನನ್ನನ್ನು ಆಶ್ಚರ್ಯದಿಂದ ನೋಡಿದಳು.

"ಕುಣಿಸ್ತಿಲ್ಲ ಕಣೇ. ನಂಬೋಣ ಅಂತಲೇ ದಿನಾ ಕೂತಿರ್ತೀನಿ. ಅವನು ಒಂದು ಸಲ ಹೇಳಿದ್ದು ಒಳಗೆ ಇಳಿಯಲ್ಲ. ನಾನೇನು ಮಾಡ್ಲಿ, ನೀನೇ ಹೇಳು."

ಕಿಟಕಿಯಾಚೆ ಕಸಿಯಾನ್, ಅವಳು ಕೇಳುವ ಮೊದಲೇ, ಎರಡನೇ ಸಲ ಬಗ್ಗಿ ಕಂಬ ನೋಡುತ್ತಿದ್ದ.